"ಬ್ರಿಟ್ ಗೆದ್ದ ಮೊದಲ ಗರ್ಲ್ ಗ್ರೂಪ್" ಪ್ರಶ್ನೆ ಬಗ್ಗೆ: ತೆಗೆಯಬೇಡಿ, ಸರಿ ಮಾಡಿ

ಮೇಡಂ, ಫೆಸ್ಟ್ ಕ್ವಿಜ್‌ಗೆ ನೀವು ಮಾಡಿರುವ ಪಾಪ್ ರೌಂಡ್‌ನ ಸ್ಲೈಡ್‌ಗಳನ್ನು ನೋಡಿದೆ. ಬ್ರಿಟ್ ಅಂದರೆ ಬ್ರಿಟನ್ನಿನ ಪಾಪ್ ಸಂಗೀತಕ್ಕೆ ಕೊಡುವ ದೊಡ್ಡ ಪ್ರಶಸ್ತಿ. ಜಗಳ ಶುರುವಾಗಿರುವುದು ನಾಲ್ಕನೇ ಪ್ರಶ್ನೆಯಿಂದ. "ಬ್ರಿಟ್ ಪ್ರಶಸ್ತಿ ಗೆದ್ದ ಮೊದಲ ಗರ್ಲ್ ಗ್ರೂಪ್ ಯಾವುದು?" ಅಂತ ಕೇಳಿದ್ದೀರಿ, ಉತ್ತರ ಲಿಟಲ್ ಮಿಕ್ಸ್, 2021 ಅಂತ ಕೊಟ್ಟಿದ್ದೀರಿ. ಮೇಲೆ ಒಬ್ಬರು "ಸ್ಪೈಸ್ ಗರ್ಲ್ಸ್ 1997ರಲ್ಲೇ ಗೆದ್ದಿದ್ದಾರಲ್ಲ" ಅಂದರು. ಇನ್ನೊಬ್ಬರು "ಸುದ್ದಿಯಲ್ಲೆಲ್ಲ ಲಿಟಲ್ ಮಿಕ್ಸ್ ಅಂತಲೇ ಬಂದಿತ್ತು" ಅಂದರು. ಇಬ್ಬರು ಹೇಳುತ್ತಿರುವುದೂ ನಿಜವೇ. ಕೆಟ್ಟಿರುವುದು ನಿಮ್ಮ ಪ್ರಶ್ನೆಯ ಮಾತು ಮಾತ್ರ. ಫೆಸ್ಟ್ ಫೈನಲ್ಸ್‌ನಲ್ಲಿ ಹೀಗೇ ಓದಿದರೆ ಪ್ರೊಟೆಸ್ಟ್ ಗ್ಯಾರಂಟಿ. ಹಾಗಂತ ತೆಗೆದುಹಾಕಬೇಡಿ, ಇದರಲ್ಲಿ ಒಳ್ಳೇ ಫಂಡಾ, ಅಂದರೆ ಕೇಳುವಂಥ ಸ್ವಾರಸ್ಯದ ವಿಷಯ ಇದೆ.

ಲಿಟಲ್ ಮಿಕ್ಸ್ 2021ರಲ್ಲಿ ಗೆದ್ದಿದ್ದು "ಬ್ರಿಟಿಷ್ ಗ್ರೂಪ್" ಅನ್ನೋ ಒಂದು ವಿಭಾಗವನ್ನು. 1977ರಲ್ಲಿ ಈ ಪ್ರಶಸ್ತಿಗಳನ್ನು ಮೊದಲ ಸಲ ಕೊಟ್ಟಾಗ ಆ ವಿಭಾಗದಲ್ಲಿ ಗೆದ್ದವರು ಬೀಟಲ್ಸ್. ಅಲ್ಲಿಂದ 2021ರ ತನಕ ಹುಡುಗಿಯರದ್ದೇ ಆದ ಒಂದು ಗುಂಪಿಗೂ ಅದು ಸಿಕ್ಕಿರಲಿಲ್ಲ. ಸ್ಪೈಸ್ ಗರ್ಲ್ಸ್ ಹೆಸರು ಜಗತ್ತೆಲ್ಲ ಕೇಳುತ್ತಿದ್ದ ಕಾಲದಲ್ಲೂ ಸಿಗಲಿಲ್ಲ. 1997ರಲ್ಲಿ ಅವರು ತೆಗೆದುಕೊಂಡಿದ್ದು ಎರಡು ಬ್ರಿಟ್. "ವಾನಬಿ"ಗೆ ಬ್ರಿಟಿಷ್ ಸಿಂಗಲ್, "ಸೇ ಯೂ'ಲ್ ಬಿ ದೇರ್"ಗೆ ಬ್ರಿಟಿಷ್ ವಿಡಿಯೋ. ಅದೇ ರಾತ್ರಿ ಬ್ರಿಟಿಷ್ ಗ್ರೂಪ್ ಹೋಗಿದ್ದು ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್‌ಗೆ. ಹೋಗಲಿ, ಹೊಸಬರ ಪ್ರಶಸ್ತಿಯಾದರೂ ಬಂತಾ ಅಂದರೆ ಅದೂ ಇಲ್ಲ. ಅದು ಕೂಲಾ ಶೇಕರ್ ಪಾಲಾಯಿತು. "ಗೋವಿಂದ ಜಯ ಜಯ" ಅಂತ ಸಂಸ್ಕೃತದಲ್ಲಿ ಹಾಡಿ ಇಂಗ್ಲೆಂಡಿನ ಚಾರ್ಟ್ ಏರಿದ ಗುಂಪು ಅದು. ನಮ್ಮ ಹುಡುಗರಿಗೆ ಇದನ್ನೇ ಬೇರೆ ಪ್ರಶ್ನೆಯಾಗಿ ಕೇಳಬಹುದು, ಚೆನ್ನಾಗಿ ಓಡುತ್ತೆ.

"ಮೊದಲ ಬಾರಿಗೆ ಗ್ರೂಪ್ ಪ್ರಶಸ್ತಿ ಗೆದ್ದ ಗರ್ಲ್ ಗ್ರೂಪ್" ಅಂತ ತಿದ್ದಿದರೆ ಸಾಲದಾ ಅಂತ ಕೇಳಬಹುದು. ಸಾಲದು. "ಬ್ರಿಟಿಷ್" ಅನ್ನೋ ಪದ ಬಿಟ್ಟರೆ ಹಳೇ ಕ್ವಿಜ್ ಮಂದಿ ತಕ್ಷಣ ಎದ್ದು ನಿಲ್ಲುತ್ತಾರೆ. ಬ್ರಿಟ್‌ನಲ್ಲಿ "ಇಂಟರ್‌ನ್ಯಾಷನಲ್ ಗ್ರೂಪ್" ಅಂತ ಇನ್ನೊಂದು ವಿಭಾಗ ಇತ್ತು. ಅದನ್ನು 1987ರಲ್ಲೇ ಅಮೆರಿಕದ ಬ್ಯಾಂಗಲ್ಸ್ ಗೆದ್ದಿದ್ದರು. ಅವರು ಗಿಟಾರ್, ಡ್ರಮ್ಸ್ ಬಾರಿಸುವ ಬ್ಯಾಂಡ್, ಗರ್ಲ್ ಗ್ರೂಪ್ ಅಲ್ಲ ಅಂತ ನೀವು ವಾದ ಮಾಡಬಹುದು. ಸರಿ. 2000ದಲ್ಲಿ ಟಿಎಲ್‌ಸಿ, 2002ರಲ್ಲಿ ಡೆಸ್ಟಿನೀಸ್ ಚೈಲ್ಡ್ ಗೆದ್ದಿದ್ದಕ್ಕೆ ಏನು ಹೇಳುತ್ತೀರಿ? ಅವರು ಹಾಡಿ ಕುಣಿಯುವ ಗರ್ಲ್ ಗ್ರೂಪ್‌ಗಳೇ. ಇನ್ನೊಂದು ತಮಾಷೆ ಇದೆ. ಲಿಟಲ್ ಮಿಕ್ಸ್ ಬ್ರಿಟಿಷ್ ಗ್ರೂಪ್ ಗೆದ್ದ ದಿನವೇ ಇಂಟರ್‌ನ್ಯಾಷನಲ್ ಗ್ರೂಪ್ ಹೋಗಿದ್ದು ಹೈಮ್ ಅನ್ನೋ ಅಕ್ಕತಂಗಿಯರ ಬ್ಯಾಂಡ್‌ಗೆ. ಒಂದೇ ರಾತ್ರಿ ಎರಡೂ ಗ್ರೂಪ್ ಪ್ರಶಸ್ತಿ ಹೆಣ್ಣುಮಕ್ಕಳ ಕೈಗೆ!

ಹಾಗಾಗಿ ಗರ್ಲ್ ಗ್ರೂಪ್ ಪ್ರಶ್ನೆಯಲ್ಲಿ "ಮೊದಲ" ಅಂತ ಬಂದ ಕೂಡಲೇ ವಿಭಾಗದ ಪೂರ್ತಿ ಹೆಸರು, ವರ್ಷ ಎರಡೂ ಇರಲೇಬೇಕು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"1977ರಲ್ಲಿ ಬೀಟಲ್ಸ್‌ಗೆ ಸಿಕ್ಕ ಈ ಬ್ರಿಟ್ ಪ್ರಶಸ್ತಿ ಮುಂದಿನ 44 ವರ್ಷ ಯಾವ ಗರ್ಲ್ ಗ್ರೂಪ್‌ಗೂ ಸಿಗಲಿಲ್ಲ. 2021ರ ಮೇ ತಿಂಗಳಲ್ಲಿ ಮೂವರು ವೇದಿಕೆ ಹತ್ತಿ ಅದನ್ನು ತೆಗೆದುಕೊಂಡರು. ಗುಂಪಿನ ನಾಲ್ಕನೆಯವರು ಐದು ತಿಂಗಳ ಹಿಂದೆಯೇ ಹೊರಗೆ ಹೋಗಿದ್ದರು. ಮೂವರಲ್ಲಿ ಇಬ್ಬರು ಆಗ ಗರ್ಭಿಣಿಯರು. ಯಾವ ಪ್ರಶಸ್ತಿ? ಯಾವ ಗುಂಪು?"

ಈಗ ಇದು ವರ್ಕ್‌ಔಟ್ ಆಗೋ ಪ್ರಶ್ನೆ. ಬ್ರಿಟ್ ಬಗ್ಗೆ ಏನೂ ಗೊತ್ತಿಲ್ಲದ ತಂಡಕ್ಕೂ "ನಾಲ್ವರಿದ್ದು ಮೂವರಾದ ಗುಂಪು" ಅನ್ನೋ ಕ್ಲೂ ಹಿಡಿಯಬಹುದು. ಬಿಟ್ಟು ಹೋದವರು ಜೆಸಿ ನೆಲ್ಸನ್. ಉಳಿದವರು ಪೆರಿ ಎಡ್ವರ್ಡ್ಸ್, ಲೀ-ಆನ್ ಪಿನಾಕ್, ಜೇಡ್ ಥರ್ಲ್‌ವಾಲ್. ಎರಡು ಭಾಗಕ್ಕೂ ಬೇರೆ ಬೇರೆ ಅಂಕ ಇಡಿ, ಇಲ್ಲದಿದ್ದರೆ ಅರ್ಧ ಉತ್ತರ ಕೊಟ್ಟವರು ಕೂಗಾಡುತ್ತಾರೆ. ಉತ್ತರದ ಸ್ಲೈಡ್‌ನಲ್ಲಿ ಅಂದು ಪೈಪೋಟಿಯಲ್ಲಿದ್ದ ಉಳಿದ ನಾಲ್ವರ ಹೆಸರು ಹಾಕಿ: ಬೈಸೆಪ್, ಬಿಫಿ ಕ್ಲೈರೋ, ದಿ 1975, ಯಂಗ್ ಟಿ ಅಂಡ್ ಬಗ್ಸಿ. ಸಾಲದಕ್ಕೆ, ವೇದಿಕೆಯ ಮೇಲೆ ಲಿಟಲ್ ಮಿಕ್ಸ್‌ನವರು ಇಂಗ್ಲೆಂಡಿನ ಪಾಪ್ ಉದ್ಯಮದಲ್ಲಿ ಗಂಡಸರದ್ದೇ ದರ್ಬಾರು ಅಂತ ನೇರವಾಗಿ ಹೇಳಿ, ತಮಗಿಂತ ಮುಂಚೆ ಈ ಪ್ರಶಸ್ತಿ ಸಿಗದೇ ಹೋದ ಸ್ಪೈಸ್ ಗರ್ಲ್ಸ್, ಶುಗಬೇಬ್ಸ್, ಆಲ್ ಸೇಂಟ್ಸ್, ಗರ್ಲ್ಸ್ ಅಲೌಡ್ ಹೆಸರನ್ನು ನೆನೆದರು. ಅದನ್ನು ಓದಿ ಹೇಳಿದರೆ ಸಭಿಕರಿಗೆ ಪ್ರಶ್ನೆಯ ತೂಕ ಗೊತ್ತಾಗುತ್ತೆ.

ಇನ್ನು ನಿಮ್ಮ ಆರನೇ ಪ್ರಶ್ನೆ, "ಅತಿ ಹೆಚ್ಚು ಬ್ರಿಟ್ ಗೆದ್ದ ಬ್ರಿಟಿಷ್ ಗರ್ಲ್ ಗ್ರೂಪ್". ಉತ್ತರ ಸ್ಪೈಸ್ ಗರ್ಲ್ಸ್ ಅಂತ ಹಾಕಿದ್ದೀರಿ, ಸರಿ. ಆದರೆ ಸಂಖ್ಯೆ ಕೇಳಬೇಡಿ. 1997ರ ಎರಡು ಬಿಟ್ಟರೆ ಮೂರೂ ವಿಶೇಷ ಪ್ರಶಸ್ತಿಗಳು. 1998ರಲ್ಲಿ ಹೊರದೇಶಗಳಲ್ಲಿ ಆಲ್ಬಂ ಮಾರಿದ್ದಕ್ಕೆ ಒಂದು, 2000ದಲ್ಲಿ ಸಂಗೀತಕ್ಕೆ ಕೊಟ್ಟ ಕೊಡುಗೆಗಾಗಿ ಒಂದು, 2010ರಲ್ಲಿ 30 ವರ್ಷಗಳ ಅತ್ಯುತ್ತಮ ವೇದಿಕೆ ಪ್ರದರ್ಶನ ಅಂತ ಒಂದು. ಎಲ್ಲ ಕೂಡಿದರೆ ಐದು. ವಿಶೇಷ ಪ್ರಶಸ್ತಿ ಲೆಕ್ಕಕ್ಕಿಲ್ಲ ಅನ್ನುವವರಿಗೆ ಎರಡೇ. ಆ ಲೆಕ್ಕದಲ್ಲಿ ಲಿಟಲ್ ಮಿಕ್ಸ್‌ನ ಮೂರು ಮುಂದೆ ಬಂದುಬಿಡುತ್ತೆ: 2017ರಲ್ಲಿ "ಶೌಟ್ ಔಟ್ ಟು ಮೈ ಎಕ್ಸ್"ಗೆ ಸಿಂಗಲ್, 2019ರಲ್ಲಿ "ವುಮನ್ ಲೈಕ್ ಮಿ"ಗೆ ವಿಡಿಯೋ, ಆಮೇಲೆ 2021. "ವಿಶೇಷ ಪ್ರಶಸ್ತಿಗಳೂ ಸೇರಿ" ಅಂತ ಒಂದು ಮಾತು ಸೇರಿಸಿದರೆ ಸಾಕು, ಯಾರೂ ಬಾಯಿ ಬಿಡಲ್ಲ.

ಯಾರು ಆರಿಸಿದರು ಅನ್ನೋದನ್ನೂ ಗಮನಿಸಿ. ಬ್ರಿಟಿಷ್ ಗ್ರೂಪ್‌ಗೆ ವೋಟು ಹಾಕುವುದು ಸಂಗೀತ ಉದ್ಯಮದವರೇ ಇರುವ ಅಕಾಡೆಮಿ. 2019ರ ವಿಡಿಯೋ ಪ್ರಶಸ್ತಿಗೆ ಅಭಿಮಾನಿಗಳು ಟ್ವಿಟರ್‌ನಲ್ಲಿ ವೋಟು ಹಾಕಿದ್ದು. ಅಭಿಮಾನಿಗಳ ವೋಟು ಈ ಹುಡುಗಿಯರಿಗೆ ಎಂದೂ ಕಷ್ಟವಾಗಿರಲಿಲ್ಲ. ಬಾಗಿಲು ಹಾಕಿದ್ದು ಉದ್ಯಮದ ಕಡೆಯವರು. 2021 ದೊಡ್ಡ ಸುದ್ದಿಯಾಗಿದ್ದು ಅದಕ್ಕೇ ಅಂತ ನನ್ನ ಅಭಿಪ್ರಾಯ.

ಪ್ಲಾಟಿನಂ ಬಗ್ಗೆ ನೀವು ಬರೆದಿರುವ ಎಂಟನೇ ಪ್ರಶ್ನೆ ತೆಗೆದುಬಿಡಿ. ಗೋಲ್ಡ್, ಪ್ಲಾಟಿನಂ ಯಾರೋ ಮೆಚ್ಚಿ ಕೊಡುವ ಪ್ರಶಸ್ತಿ ಅಲ್ಲ, ಮಾರಾಟದ ಲೆಕ್ಕ. ಇಂಗ್ಲೆಂಡಿನಲ್ಲಿ ಬಿಪಿಐ ಅನ್ನೋ ಉದ್ಯಮ ಸಂಘ ಕೊಡುತ್ತೆ, ಬ್ರಿಟ್ ನಡೆಸುವವರೂ ಅವರೇ. ಸಿಂಗಲ್‌ಗೆ (ಒಂದೇ ಹಾಡಿಗೆ) ಪ್ಲಾಟಿನಂ ಅಂದರೆ ಈಗ 6 ಲಕ್ಷ ಮಾರಾಟ, ಆಲ್ಬಂಗೆ 3 ಲಕ್ಷ. ಸ್ಟ್ರೀಮಿಂಗ್ ಕೂಡ ಸೇರುವುದರಿಂದ ಹಳೇ ಹಾಡುಗಳ ಅಂಕಿ ವರ್ಷವರ್ಷ ಏರುತ್ತಲೇ ಇರುತ್ತೆ. ಇವತ್ತು ಸರಿ ಇದ್ದ ಉತ್ತರ ಫೆಸ್ಟ್ ದಿನಕ್ಕೆ ಹಳತಾಗಿರಬಹುದು. ಸುಮ್ನೆ ಯಾಕೆ ರಿಸ್ಕ್?

ಚಾರ್ಟ್ ಪ್ರಶ್ನೆ ಬೇಕೇ ಬೇಕು ಅಂದರೆ ಕ್ರಿಸ್ಮಸ್ ನಂಬರ್ ಒನ್ ಹಿಡಿದುಕೊಳ್ಳಿ. ಅಲ್ಲಿನವರಿಗೆ ಆ ವಾರ ಯಾವ ಹಾಡು ಮೇಲಿರುತ್ತೆ ಅನ್ನೋದು ಬೆಟ್ಟಿಂಗ್ ಕಟ್ಟುವಷ್ಟು ದೊಡ್ಡ ವಿಷಯ. ಸ್ಪೈಸ್ ಗರ್ಲ್ಸ್ 1996, 1997, 1998 ಮೂರೂ ವರ್ಷ ಸತತವಾಗಿ ಅಲ್ಲಿದ್ದರು: "ಟು ಬಿಕಮ್ ಒನ್", "ಟೂ ಮಚ್", "ಗುಡ್‌ಬೈ". ಅವರಿಗಿಂತ ಮುಂಚೆ ಸತತ ಮೂರು ಮಾಡಿದ್ದು ಬೀಟಲ್ಸ್, 1963ರಿಂದ 1965. 2002ರಲ್ಲಿ ಗರ್ಲ್ಸ್ ಅಲೌಡ್ ಟಿವಿ ಸ್ಪರ್ಧೆಯಲ್ಲಿ ರಚನೆಯಾದ ಕೂಡಲೇ "ಸೌಂಡ್ ಆಫ್ ದಿ ಅಂಡರ್‌ಗ್ರೌಂಡ್" ಹಾಡಿನಿಂದ ಅದೇ ಜಾಗ ಹಿಡಿದರು. ಅದೇ ಸ್ಪರ್ಧೆಯ ಹುಡುಗರ ಗುಂಪು ಎರಡನೇ ಸ್ಥಾನಕ್ಕೆ ಬಿತ್ತು. ಹುಷಾರಾಗಿರಬೇಕಾದ್ದು ಲಿಟಲ್ ಮಿಕ್ಸ್ ವಿಷಯದಲ್ಲಿ. 2011ರ ಡಿಸೆಂಬರ್‌ನಲ್ಲಿ ಎಕ್ಸ್ ಫ್ಯಾಕ್ಟರ್ ಅನ್ನೋ ಟಿವಿ ಗಾಯನ ಸ್ಪರ್ಧೆ ಗೆದ್ದ ಮೊದಲ ಗುಂಪು ಅವರು. ಗೆದ್ದ ಹಾಡು "ಕ್ಯಾನನ್‌ಬಾಲ್" ನಂಬರ್ ಒನ್ ಕೂಡ ಆಯಿತು. ಆದರೆ ಅದು ಕ್ರಿಸ್ಮಸ್‌ನ ಹಿಂದಿನ ವಾರ. ಹಬ್ಬದ ವಾರದ ಪಟ್ಟ ಸೈನಿಕರ ಹೆಂಡತಿಯರ ಗಾಯನ ತಂಡ ಮಿಲಿಟರಿ ವೈವ್ಸ್ ಎತ್ತಿಕೊಂಡು ಹೋಯಿತು. ಇದು ಒಂದು ವಾರದ ಅಂತರ, ಅರ್ಧ ಜನ ತಪ್ಪುತ್ತಾರೆ.

ವರ್ಷದ ಇನ್ನೊಂದು ತೊಂದರೆ ನಿಮ್ಮ ಎರಡು ಸ್ಲೈಡ್‌ನಲ್ಲಿ ಕಂಡಿತು. ಹಾಡು ಬಂದ ವರ್ಷ, ಪ್ರಶಸ್ತಿ ಕೊಟ್ಟ ವರ್ಷ ಎರಡೂ ಬೆರೆತಿವೆ. "ವಾನಬಿ" 1996ರದ್ದು, ಬ್ರಿಟ್ 1997ರದ್ದು. ಗರ್ಲ್ಸ್ ಅಲೌಡ್‌ನ "ದಿ ಪ್ರಾಮಿಸ್" 2008ರದ್ದು, ಅದಕ್ಕೆ ಬ್ರಿಟಿಷ್ ಸಿಂಗಲ್ ಬಂದಿದ್ದು 2009ರಲ್ಲಿ. ಅವತ್ತು ಬ್ರಿಟಿಷ್ ಗ್ರೂಪ್‌ಗೂ ಅವರ ಹೆಸರಿತ್ತು, ಅದನ್ನು ಗೆದ್ದದ್ದು ಎಲ್ಬೋ. ಸಿಂಗಲ್ ಪ್ರಶಸ್ತಿ ಕೈಗೆ ಬಂದಾಗ ಗುಂಪಿನ ಸಾರಾ ಹಾರ್ಡಿಂಗ್ ಮೈಕ್‌ನಲ್ಲಿ "ಈಗಲಾದರೂ ಬಂತಲ್ಲ!" ಅನ್ನೋ ಹಾಗೆ ಕಿರುಚಿದ್ದು ಅಲ್ಲಿನವರಿಗೆ ಇನ್ನೂ ನೆನಪು. ಅವರು 2021ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ಕ್ಲಿಪ್ ಹಾಕುವುದಾದರೆ ತಮಾಷೆಯ ಮೀಮ್ ಸೇರಿಸಬೇಡಿ, ದಯವಿಟ್ಟು.

ಚಿತ್ರದ ರೌಂಡ್‌ಗೆ ನೀವು ಹಾಕಿರುವ ಯೂನಿಯನ್ ಜಾಕ್ (ಬ್ರಿಟಿಷ್ ಬಾವುಟ) ಉಡುಪು ಎಲ್ಲರೂ ಹೇಳುವ ಸಿಟ್ಟರ್, ಅಂದರೆ ತೀರಾ ಸುಲಭದ ಪ್ರಶ್ನೆ. ಮುಖ ಮುಚ್ಚಿ ಉಡುಪಿನ ಹಿಂಭಾಗ ತೋರಿಸಿ. 1997ರ ಬ್ರಿಟ್‌ಗೆ ಸ್ಪೈಸ್ ಗರ್ಲ್ಸ್‌ನ ಗೆರಿ ಹಾಲಿವೆಲ್ ಹಾಕಿಕೊಂಡಿದ್ದು ಒಂದು ಕಪ್ಪು ಗುಚ್ಚಿ ಉಡುಪು. ಅದರ ಮೇಲೆ ಅಡುಗೆಮನೆಯ ಪಾತ್ರೆ ಒರೆಸುವ ಬಟ್ಟೆ ಹೊಲಿದಿತ್ತು, ಬ್ರಿಟಿಷ್ ಬಾವುಟ ಮುದ್ರಿಸಿದ್ದು. ಹೊಲಿದುಕೊಟ್ಟವರು ಅವರ ಅಕ್ಕ. ಬರೀ ಬಾವುಟ ಇದ್ದರೆ ಬಲಪಂಥದ ಪುಂಡರ ಗುರುತು ಅಂತ ಜನ ತಿಳಿದಾರು ಅಂತ ಬೆನ್ನ ಮೇಲೆ ಶಾಂತಿಯ ಚಿಹ್ನೆ ಹಚ್ಚಿದ್ದರು. 1998ರಲ್ಲಿ ಸದಬೀಸ್ ಹರಾಜಿನಲ್ಲಿ ಅದು 41,320 ಪೌಂಡ್‌ಗೆ ಹೋಯಿತು. "ಪಾತ್ರೆ ಒರೆಸುವ ಬಟ್ಟೆ" ಅಂತ ಕ್ಲೂ ಕೊಟ್ಟು, ಶಾಂತಿಯ ಚಿಹ್ನೆ ತೋರಿಸಿ ಬಜರ್ ಬಿಡಿ. ಮಜಾ ಬರುತ್ತೆ.

ಗುಂಪಿನ ಫೋಟೋ ಹಾಕುವಾಗ ಪ್ರಶಸ್ತಿಯ ವರ್ಷದ ಫೋಟೋನೇ ಹಾಕಿ. ಇದರಲ್ಲಿ ಕ್ವಿಜ್ ಮಾಸ್ಟರ್‌ಗಳು ಜಾಸ್ತಿ ಎಡವುತ್ತಾರೆ. ಸ್ಪೈಸ್ ಗರ್ಲ್ಸ್ 2000ದಲ್ಲಿ ಕೊಡುಗೆಯ ಪ್ರಶಸ್ತಿ ತೆಗೆದುಕೊಂಡಾಗ ಗುಂಪಿನಲ್ಲಿ ಇದ್ದವರು ನಾಲ್ವರೇ, ಗೆರಿ 1998ರಲ್ಲೇ ಬಿಟ್ಟಿದ್ದರು. ಶುಗಬೇಬ್ಸ್ ಅಂತೂ ಇನ್ನೂ ಕಷ್ಟ, ಅವರ ಸದಸ್ಯರು ಬದಲಾಗುತ್ತಲೇ ಇದ್ದರು. 2003ರಲ್ಲಿ ಬ್ರಿಟ್ ಬಂದಾಗ ಇದ್ದವರು ಕೀಶಾ, ಮುಟ್ಯಾ, ಹೈಡಿ. ಅದೂ ಬಂದಿದ್ದು "ಬ್ರಿಟಿಷ್ ಡಾನ್ಸ್ ಆಕ್ಟ್" ವಿಭಾಗದಲ್ಲಿ. ವಿಭಾಗ ಕೇಳಿದರೆ ಒಂದು ತಂಡಕ್ಕೂ ಬರಲ್ಲ, ಗುಂಪಿನ ಹೆಸರು ಮಾತ್ರ ಕೇಳಿ. ಆಲ್ ಸೇಂಟ್ಸ್ ಸುಲಭ: 1998ರಲ್ಲಿ "ನೆವರ್ ಎವರ್" ಒಂದೇ ಹಾಡಿಗೆ ಸಿಂಗಲ್, ವಿಡಿಯೋ ಎರಡೂ.

ಸ್ಪೈಸ್ ಗರ್ಲ್ಸ್‌ನ ಮೆಲ್ ಬಿಗೆ ಬಂದ ಎಂಬಿಇ, ವಿಕ್ಟೋರಿಯಾ ಬೆಕಮ್‌ಗೆ ಬಂದ ಓಬಿಇ (ಎರಡೂ ಬ್ರಿಟನ್ ಕೊಡುವ ರಾಜಗೌರವಗಳು) ಈ ರೌಂಡ್‌ಗೆ ಸೇರಿಸಬೇಡಿ. ಒಂದು ಸಮಾಜಸೇವೆಗೆ, ಇನ್ನೊಂದು ಫ್ಯಾಶನ್‌ಗೆ. ಗುಂಪಿಗೆ ಸಿಕ್ಕ ಗೌರವ ಬೇಕಿದ್ದರೆ ಅಂಚೆಚೀಟಿ ಇದೆ. 2024ರ ಜನವರಿಯಲ್ಲಿ ರಾಯಲ್ ಮೇಲ್ ಸ್ಪೈಸ್ ಗರ್ಲ್ಸ್ ಮೇಲೆ ಅಂಚೆಚೀಟಿಗಳ ಸರಣಿಯನ್ನೇ ತಂದಿತು. ಒಂದು ಮಹಿಳಾ ಪಾಪ್ ಗುಂಪಿಗೆ ಅಂತ ಅವರು ಹಾಗೆ ಮಾಡಿದ್ದು ಅದೇ ಮೊದಲು.

ಚಿತ್ರಗಳ ನಡುವಿನ ನಂಟು ಹುಡುಕುವ ಕನೆಕ್ಟ್ ರೌಂಡ್ ಖಾಲಿ ಇದೆ ಅಂದಿರಿ. ಮೂರು ಚಿತ್ರ ಹಾಕಿ: ವಾಸ್ತುಶಿಲ್ಪಿ ಝಾಹಾ ಹದೀದ್, ಮುಂಬೈನಲ್ಲಿ ಹುಟ್ಟಿದ ಶಿಲ್ಪಿ ಅನೀಶ್ ಕಪೂರ್, ರಂಗವಿನ್ಯಾಸಕಿ ಎಸ್ ಡೆವ್ಲಿನ್. ಉತ್ತರ: ಬ್ರಿಟ್ ಟ್ರೋಫಿ ವಿನ್ಯಾಸ ಮಾಡಿದವರು. ಹದೀದ್ ಮಾಡಿದ್ದು 2017ಕ್ಕೆ, ಅಂದರೆ ಲಿಟಲ್ ಮಿಕ್ಸ್‌ನ ಮೊದಲ ಬ್ರಿಟ್ ಅದೇ ವಿನ್ಯಾಸದ್ದು. ಕಪೂರ್ 2018. ಡೆವ್ಲಿನ್ ಅವರು ಯಿಂಕಾ ಇಲೋರಿ ಜೊತೆ ಸೇರಿ ಮಾಡಿದ್ದು 2021ಕ್ಕೆ. ಆ ವರ್ಷ ಗೆದ್ದವರಿಗೆ ಒಂದು ದೊಡ್ಡದು, ಒಂದು ಚಿಕ್ಕದು, ಎರಡು ಟ್ರೋಫಿ ಕೊಟ್ಟರು. ಚಿಕ್ಕದನ್ನು ತಮಗೆ ಇಷ್ಟವಾದ ಇನ್ನೊಬ್ಬರಿಗೆ ದಾಟಿಸಬೇಕು ಅಂತ ಹೇಳಿದ್ದರು.

ಟೈ-ಬ್ರೇಕರ್‌ಗೆ ಫ್ಲೋ ಇಟ್ಟುಕೊಳ್ಳಿ. ಮೂವರ ಗರ್ಲ್ ಗ್ರೂಪ್, ಬೆಳೆಯುತ್ತಿರುವ ಹೊಸಬರಿಗೆ ಕೊಡುವ ಬ್ರಿಟ್ ರೈಸಿಂಗ್ ಸ್ಟಾರ್ ಪ್ರಶಸ್ತಿಯನ್ನು 2023ಕ್ಕೆ ಗೆದ್ದವರು. 2008ರಲ್ಲಿ ಅಡೆಲ್‌ಗೆ ಕೊಟ್ಟು ಶುರುವಾದ ಆ ಪ್ರಶಸ್ತಿಯನ್ನು ಒಂದು ಗುಂಪು ಗೆದ್ದಿದ್ದು ಅದೇ ಮೊದಲು. ಹೆಸರು ಹೊರಬಿದ್ದಿದ್ದು 2022ರ ಡಿಸೆಂಬರ್‌ನಲ್ಲಿ, ಹಾಗಾಗಿ ಸ್ಲೈಡ್‌ನಲ್ಲಿ "2023ರ ಪ್ರಶಸ್ತಿ" ಅಂತಲೇ ಬರೆಯಿರಿ. ತಿದ್ದಿದ ಸ್ಲೈಡ್‌ಗಳನ್ನು ಇಲ್ಲಿ ಎಲ್ಲರ ಮುಂದೆ ಹಾಕಬೇಡಿ, ಫೆಸ್ಟ್‌ನಲ್ಲಿ ಆಡುವ ಹುಡುಗರೂ ಈ ಗುಂಪಿನಲ್ಲಿದ್ದಾರೆ. ನನ್ನ ಇನ್‌ಬಾಕ್ಸ್‌ಗೆ ಕಳಿಸಿ, ನೋಡಿ ಹೇಳುತ್ತೇನೆ. ಮೇಲೆ ಬರೆದ ಪ್ರಶ್ನೆಗಳನ್ನೂ ಹೀಗೇ ಎತ್ತಿಕೊಳ್ಳಬೇಡಿ, ಕ್ಲೂಗಳ ಕ್ರಮ ಬದಲಿಸಿ.