ಇಂಟಿಗ್ರಲ್‌ಗೂ ಮೊದಲು ಚಿತ್ರ

ಪ್ರಶ್ನೆ: ಮೇಡಂ, ನಾನು ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿನಿ. ಮೆಕ್ಯಾನಿಕ್ಸ್ ಸಲೀಸಾಗಿ ಮುಗಿಯಿತು. ಈಗ ವಿದ್ಯುತ್, ಕಾಂತತೆ, ಬೆಳಕು ಮೂರೂ ಸೇರಿದ ಪೇಪರ್ ಇದೆ. ಗಣಿತದ ಕ್ಲಾಸಿನಲ್ಲಿ ಇಂಟಿಗ್ರಲ್ ಮಾಡುತ್ತೇನೆ, ಇಲ್ಲಿ ಮಾತ್ರ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ಗಾಸ್ ನಿಯಮವನ್ನು ಯಾವಾಗ ಬಳಸಬೇಕು? ಬೆಳಕನ್ನು ಇದರ ಜೊತೆ ಯಾಕೆ ಸೇರಿಸಿದ್ದಾರೆ?

ಉತ್ತರ: ನಿಮ್ಮ ಗಣಿತ ಚೆನ್ನಾಗಿಯೇ ಇದೆ. ಗಣಿತದ ಕ್ಲಾಸಿನಲ್ಲಿ ಇಂಟಿಗ್ರಲ್, ಅಂದರೆ ಚಿಕ್ಕ ತುಣುಕುಗಳನ್ನೆಲ್ಲ ಕೂಡಿಸುವ ಲೆಕ್ಕ, ಸಿದ್ಧವಾಗಿ ಸಿಗುತ್ತದೆ, ಇಲ್ಲಿ ಅದನ್ನು ನೀವೇ ಕಟ್ಟಬೇಕು, ಅಲ್ವಾ? ಈ ಪೇಪರಿನ ನಿಜವಾದ ಪಾಠವೇ ಅದು.

ಎಲ್ಲೆಡೆ ಸಮನಾಗಿ ಚಾರ್ಜ್ ಇರುವ ಒಂದು ಉಂಗುರ ತೆಗೆದುಕೊಳ್ಳಿ. ಅದರ ಅಕ್ಷದ ಮೇಲೆ ವಿದ್ಯುತ್ ಕ್ಷೇತ್ರ ಬೇಕು. ಮೊದಲು ದೊಡ್ಡದಾಗಿ ಚಿತ್ರ ಬರೆಯಿರಿ. ಉಂಗುರದ ಒಂದು ಚಿಕ್ಕ ತುಣುಕನ್ನು ಗುರುತು ಮಾಡಿ, ಅದರಿಂದ ನಿಮ್ಮ ಬಿಂದುವಿಗೆ ಗೆರೆ ಎಳೆಯಿರಿ. ಈಗ ಕೇಳಿಕೊಳ್ಳಿ: ತುಣುಕಿನಿಂದ ತುಣುಕಿಗೆ ಹೋದಾಗ ಏನು ಬದಲಾಗುತ್ತದೆ? ದೂರ ಬದಲಾಗುವುದಿಲ್ಲ, ಕೋನವೂ ಇಲ್ಲ. ಪಕ್ಕಕ್ಕೆ ಎಳೆಯುವ ಭಾಗಗಳನ್ನು ಎದುರಿನ ತುಣುಕುಗಳು ರದ್ದು ಮಾಡುತ್ತವೆ. ಉಳಿಯುವುದು ಚಾರ್ಜ್ ಕೂಡಿಸುವ ಕೆಲಸ ಅಷ್ಟೇ. ಉಂಗುರದ ಬದಲು ಒಂದು ಕಡ್ಡಿ ಇದ್ದರೆ ದೂರ ಬದಲಾಗುತ್ತಾ ಹೋಗುತ್ತದೆ, ಕ್ಯಾಲ್ಕುಲಸ್ ನಿಜವಾಗಿ ಬೇಕಾಗುವುದು ಅಲ್ಲಿ. ಉತ್ತರ ಬಂದ ಮೇಲೆ ಪರೀಕ್ಷಿಸಿ: ಉಂಗುರದ ನಡುವೆ ಕ್ಷೇತ್ರ ಸೊನ್ನೆಯಾಗಬೇಕು, ತುಂಬಾ ದೂರದಲ್ಲಿ ಒಂದೇ ಬಿಂದುವಿನ ಚಾರ್ಜ್‌ನಂತೆ ಕಾಣಬೇಕು. ಈ ಪರೀಕ್ಷೆಯನ್ನು ನನ್ನ ವಿದ್ಯಾರ್ಥಿಗಳಿಗೆ ಎಂದೂ ಬಿಡಲು ಕೊಡುವುದಿಲ್ಲ.

ಗಾಸ್ ನಿಯಮ ಮುಚ್ಚಿದ ಮೇಲ್ಮೈಯನ್ನು ದಾಟಿ ಹೊರಬರುವ ಒಟ್ಟು ವಿದ್ಯುತ್ ಕ್ಷೇತ್ರವನ್ನು ಒಳಗಿನ ಚಾರ್ಜ್‌ಗೆ ಜೋಡಿಸುತ್ತದೆ, ಅದು ಯಾವ ಮುಚ್ಚಿದ ಮೇಲ್ಮೈಗೂ ಸತ್ಯ. ಆದರೆ ಸತ್ಯವಾದ ಕಡೆಯಲ್ಲೆಲ್ಲ ಅದರಿಂದ ಕ್ಷೇತ್ರ ಸಿಗುವುದಿಲ್ಲ. ಕ್ಷೇತ್ರವನ್ನು ಇಂಟಿಗ್ರಲ್‌ನಿಂದ ಹೊರಗೆ ತೆಗೆಯುವಷ್ಟು ಸಿಮೆಟ್ರಿ ಇರಬೇಕು. ಗಿಡ್ಡ ಕಡ್ಡಿಯ ಸುತ್ತ ಸಿಲಿಂಡರ್ ಬರೆದರೆ ಅದರ ಮೇಲೆ ಕ್ಷೇತ್ರ ಎಲ್ಲೆಡೆ ಒಂದೇ ಇರುವುದಿಲ್ಲ, ಕೆಲಸ ಅಲ್ಲೇ ನಿಲ್ಲುತ್ತದೆ. ಗೋಳ, ಕೊನೆಯಿಲ್ಲದ ತಂತಿ, ಕೊನೆಯಿಲ್ಲದ ಹಾಳೆ, ಈ ಮೂರನ್ನು ನೋಡದೆ ಬರೆಯುವಷ್ಟು ಕಲಿಯಿರಿ. ಗೋಳದ ಹೊರಗೆ ಕ್ಷೇತ್ರ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ತಂತಿಯಿಂದ ಬರೀ ದೂರಕ್ಕೆ ತಕ್ಕಂತೆ. ಹಾಳೆಯಿಂದ ಎಷ್ಟು ದೂರ ಹೋದರೂ ಇಳಿಯುವುದೇ ಇಲ್ಲ! ಕಾಂತಕ್ಷೇತ್ರವನ್ನು ಕರೆಂಟ್‌ಗೆ ಜೋಡಿಸುವ ಆಂಪಿಯರ್ ನಿಯಮಕ್ಕೂ ಇದೇ ಎಚ್ಚರಿಕೆ.

ಇನ್ನು ಬೆಳಕು. ನಿಮ್ಮ ಪುಸ್ತಕದಲ್ಲಿ ನಿರ್ವಾತದ ಎರಡು ಸ್ಥಿರಾಂಕಗಳಿವೆ, ಒಂದು ವಿದ್ಯುತ್ತಿನದು (ε₀), ಒಂದು ಕಾಂತತೆಯದು (μ₀). ಅವನ್ನು ಗುಣಿಸಿ, ವರ್ಗಮೂಲ ತೆಗೆದು, ಅದರಿಂದ 1ನ್ನು ಭಾಗಿಸಿ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಬರುತ್ತದೆ, ಅಂದರೆ ಬೆಳಕಿನ ವೇಗ. ಬೆಳಕು ವಿದ್ಯುತ್ಕಾಂತೀಯ ಅಲೆ ಎಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1860ರ ದಶಕದಲ್ಲಿ ಹೇಳಿದ್ದು ಇಂಥದೇ ಲೆಕ್ಕದಿಂದ. ಇದನ್ನು ದಯವಿಟ್ಟು ನಿಮ್ಮ ಕೈಯಾರೆ ಮಾಡಿ ನೋಡಿ.

ಬೆಳಕಿನ ಲೆಕ್ಕಗಳಲ್ಲೂ ಚಿತ್ರವೇ ಮೊದಲು. ಸೋಪಿನ ಗುಳ್ಳೆಯಂಥ ತೆಳು ಪೊರೆಯ ಲೆಕ್ಕದಲ್ಲಿ ಪ್ರತಿ ಪ್ರತಿಫಲನವನ್ನೂ ಬೇರೆಬೇರೆಯಾಗಿ ಬರೆಯಿರಿ. ಹೆಚ್ಚಿನ ವಕ್ರೀಭವನಾಂಕದ, ಅಂದರೆ ಬೆಳಕು ಇನ್ನೂ ನಿಧಾನವಾಗಿ ಸಾಗುವ, ಮಾಧ್ಯಮಕ್ಕೆ ತಾಗಿ ಮರಳುವ ಅಲೆ ಅರ್ಧ ತರಂಗಾಂತರ ಜಾರುತ್ತದೆ, ಕಡಿಮೆಯದಕ್ಕೆ ತಾಗಿದರೆ ಇಲ್ಲ. ಇದನ್ನು ಬರೆದಿಟ್ಟ ಮೇಲೆಯೇ ಪೊರೆಯ ದಪ್ಪಕ್ಕೆ ಕೈ ಹಾಕಿ.