ಆರ್‌ಎಕ್ಸ್-8ಗೆ ನಿಜವಾಗಿ ಎಷ್ಟು ಮೈಲೇಜ್ ಸಿಗುತ್ತದೆ? ಟ್ಯೂನ್ ಮಾಡಿಸಿದರೆ 12 ಬರಬಹುದಾ?

ನಿಮ್ಮ ಪ್ರಶ್ನೆ ಓದಿದವನೇ ಎದ್ದು ಹೋಗಿ ಕಪಾಟಿನಿಂದ ಹಳೇ ಡೈರಿ ತೆಗೆದುಕೊಂಡು ಬಂದೆ. ಉಡುಪಿಯಲ್ಲಿ ಮಾಜ್ದಾ ಆರ್‌ಎಕ್ಸ್-8 ಒಂದು ಮಾರಾಟಕ್ಕುಂಟು, ಎಂಜಿನ್ ಬರೀ 1.3 ಲೀಟರ್, ದಿನಾ ಮಂಗಳೂರಿಗೆ ಹೋಗಿ ಬರಬೇಕು ಅಂತ ಬರೆದಿದ್ದೀರಿ. 2015ರಲ್ಲಿ ನಾನೂ ಇದೇ 1.3 ಲೀಟರ್ ಲೆಕ್ಕ ಹಾಕಿಕೊಂಡೇ ಆ ಕಾರು ತೆಗೆದುಕೊಂಡೆ.

ಮೊದಲು ಅಂಕಿ ಹೇಳುತ್ತೇನೆ. ಮಂಗಳೂರು ಪೇಟೆಯೊಳಗೆ ಲೀಟರ್‌ಗೆ 5.5ರಿಂದ 6. ಹೈವೇಯಲ್ಲಿ 80–90ರ ವೇಗದಲ್ಲಿ ಹೋದರೆ 8.5. ಎರಡೂ ಸೇರಿದರೆ 7ರ ಆಸುಪಾಸು. ಟ್ಯಾಂಕ್ ಫುಲ್ ಮಾಡಿ, ಮತ್ತೆ ಫುಲ್ ಮಾಡಿ ತೆಗೆದ ಲೆಕ್ಕ ಇದು, ಮೀಟರ್ ತೋರಿಸಿದ್ದಲ್ಲ. 12 ಯಾವ ಟ್ಯೂನರ್‌ನಿಂದಲೂ ಆಗುವುದಿಲ್ಲ. ಆಗುತ್ತದೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಆ 1.3 ಎನ್ನುವ ಸಂಖ್ಯೆಯನ್ನು ತಲೆಯಿಂದ ತೆಗೆದುಹಾಕಿ. ಈ ಎಂಜಿನ್‌ನಲ್ಲಿ ಪಿಸ್ಟನ್ ಇಲ್ಲ. ತ್ರಿಕೋನದ ಎರಡು ರೋಟರ್‌ಗಳು ತಿರುಗುತ್ತವೆ, ಒಂದೊಂದರದ್ದು 654 ಸಿಸಿ. ನಮ್ಮ ಮಾಮೂಲಿ ಕಾರಿನಲ್ಲಿ ಶಾಫ್ಟ್ ಎರಡು ಸುತ್ತು ಹೊಡೆದಾಗ ಒಂದು ಸಿಲಿಂಡರ್‌ನಲ್ಲಿ ಒಂದು ಸಲ ಪೆಟ್ರೋಲ್ ಉರಿಯುತ್ತದೆ. ಇದರಲ್ಲಿ ಪ್ರತಿ ಸುತ್ತಿಗೂ ಒಂದೊಂದು ರೋಟರ್‌ನಲ್ಲಿ ಒಂದು ಸಲ ಉರಿಯುತ್ತದೆ. ಹಾಗಾಗಿ ಕುಡಿಯುವ ವಿಷಯದಲ್ಲಿ ಇದು 2.6 ಲೀಟರ್ ಎಂಜಿನ್‌ಗೆ ಸಮ. ಸಾಲದ್ದಕ್ಕೆ ಪೆಟ್ರೋಲ್ ಉರಿಯುವ ಜಾಗ ಉದ್ದಕ್ಕೆ, ತೆಳ್ಳಗೆ ಇರುತ್ತದೆ. ಬೆಂಕಿ ಮೂಲೆ ಮುಟ್ಟುವಷ್ಟರಲ್ಲಿ ಸ್ವಲ್ಪ ಪೆಟ್ರೋಲ್ ಉರಿಯದೆಯೇ ಹೊರಗೆ ಹೋಗುತ್ತದೆ, ಶಾಖವೂ ಜಾಸ್ತಿ ಗೋಡೆಗೇ ಹೋಗುತ್ತದೆ. ಅದು ಈ ಎಂಜಿನ್‌ನ ಹುಟ್ಟುಗುಣ. ಯುರೋಪಿನಲ್ಲಿ ಕಂಪನಿಯೇ ಕೊಟ್ಟ ಅಂಕಿ 100 ಕಿಲೋಮೀಟರ್‌ಗೆ ಸುಮಾರು 11.5 ಲೀಟರ್. ಅಂದರೆ 8.7. ಅದೂ ಪರೀಕ್ಷೆಯ ಕೋಣೆಯಲ್ಲಿ.

ಈಗ ನನ್ನ ಕಥೆ. ಮಾಜ್ದಾ ಈ ಕಾರನ್ನು ನಮ್ಮ ದೇಶದಲ್ಲಿ ಮಾರಲೇ ಇಲ್ಲ ಅಲ್ವಾ. ನನ್ನದು ಇಂಗ್ಲೆಂಡ್‌ನಿಂದ ಊರಿಗೆ ವಾಪಸಾದ ಒಬ್ಬರು ಸಾಮಾನಿನ ಜೊತೆ ತಂದದ್ದು. 231 ಅಶ್ವಶಕ್ತಿ, ಆರು ಗೇರ್. 9000 ಆರ್‌ಪಿಎಂವರೆಗೆ ಹೋಗುತ್ತದೆ. ಆ ಶಬ್ದ ಕೇಳಿದ ಮೇಲೆ ಬೇರೆ ಕಾರು ನೋಡಲು ಮನಸ್ಸಾಗಲಿಲ್ಲ. ಮನೆ ಕದ್ರಿಯಲ್ಲಿ, ಕೆಲಸ ದೇರಳಕಟ್ಟೆಯಲ್ಲಿ. ಮೊದಲ ಮೂರು ವರ್ಷ ಡೈರಿಯಲ್ಲಿ ಬರೆದದ್ದೆಲ್ಲ 6.8, 7.2, 7.0, ಹೀಗೇ.

2018ರ ಮಳೆಗಾಲ. ಮೇ 29ರಂದು ಮಂಗಳೂರು ಪೇಟೆಗೆ ಪೇಟೆಯೇ ನೀರಲ್ಲಿ ನಿಂತದ್ದು ನಿಮಗೂ ನೆನಪಿರಬಹುದು. ಆ ಮೇ ತಿಂಗಳ ಮೊದಲ ವಾರ ಡೈರಿಯಲ್ಲಿ 7.1 ಉಂಟು. ತಿಂಗಳ ಕೊನೆಗೆ 6.8. ಜೂನ್ ಮಧ್ಯದಲ್ಲಿ 6.3. ಜುಲೈಯಲ್ಲಿ 5.7. ಆಗಸ್ಟ್ ಮೊದಲ ವಾರ 5.0. ನನ್ನದೇ ಕೈಬರಹದಲ್ಲಿ, ಒಂದರ ಕೆಳಗೆ ಒಂದು.

ಪ್ರತಿಯೊಂದಕ್ಕೂ ನನ್ನ ಹತ್ತಿರ ಕಾರಣ ಇತ್ತು. ಪಂಪ್‌ವೆಲ್ ಫ್ಲೈಓವರ್ ಆಗ ಮುಗಿದಿರಲಿಲ್ಲ, ತೊಕ್ಕೊಟ್ಟಿನದ್ದೂ ಇಲ್ಲ. ದಿನಾ ಬೆಳಿಗ್ಗೆ ಸಂಜೆ ಅಲ್ಲಿ ಸಿಕ್ಕಿಬೀಳುತ್ತಿದ್ದೆ. ಟ್ರಾಫಿಕ್‌ನಿಂದ ಇರಬೇಕು ಅಂದುಕೊಂಡೆ. ಮಳೆ, ಗ್ಲಾಸ್ ಮಂಜಾಗುತ್ತದೆ, ಎಸಿ ಯಾವಾಗಲೂ ಆನ್, ಅದರಿಂದ ಅಂದುಕೊಂಡೆ. ಬಂಕ್‌ನಲ್ಲಿ ನೀರು ಸೇರಿರಬಹುದು ಅಂತ ಬಂಕ್ ಬದಲಿಸಿದೆ. ಒಂದಲ್ಲ, ಮೂರು ಬಂಕ್. ಟ್ಯಾಂಕ್‌ಗೆ ಹಾಕುವ ಬಾಟಲಿ ಔಷಧಿಯನ್ನೂ ಹಾಕಿದೆ.

ಅಷ್ಟರ ಮೇಲೆ, ಮೈಲೇಜ್ ಸುಧಾರಿಸಲಿ ಅಂತ ಮೆಲ್ಲ ಬಿಡಲು ಶುರು ಮಾಡಿದೆ. 2500 ದಾಟುವ ಮೊದಲೇ ಗೇರ್ ಬದಲಿಸುವುದು, ಎಳೆದುಕೊಂಡು ಹೋಗುವುದು. ಡೀಸೆಲ್ ಕಾರಿಗೆ ಅದು ಸರಿ. ಈ ರೋಟರಿ ಎಂಜಿನ್‌ಗೆ ಅದು ಒಳಗೆ ಕಾರ್ಬನ್ ಕಟ್ಟುವ ದಾರಿ.

ನಂತೂರಿನ ಏರಿನಲ್ಲಿ ಒಂದು ದಿನ ಎಂಜಿನ್ ಲೈಟ್ ಮಿನುಗಿತು. ಹತ್ತು ಸೆಕೆಂಡ್ ಇರಬೇಕು. ಆಮೇಲೆ ನಿಂತಿತು. ಮೆಕ್ಯಾನಿಕ್‌ಗೆ ಫೋನ್ ಮಾಡಬೇಕು ಅಂದುಕೊಂಡೆ, ಮಾಡಲಿಲ್ಲ. ಹತ್ತಿರ ಮೂರು ವಾರ ಹಾಗೇ ಓಡಿಸಿದೆ. ನಾನು ಕಳೆದುಕೊಂಡದ್ದೆಲ್ಲ ಆ ಮೂರು ವಾರದಲ್ಲಿ. ಲೈಟ್ ಸುಮ್ನೆ ಹತ್ತಿಕೊಂಡಿದ್ದರೆ ಒಂದು ಲೆಕ್ಕ, ಮಿನುಗಿದರೆ ಬೇರೆಯೇ ಲೆಕ್ಕ. ಮಿನುಗಿತು ಅಂದರೆ ಮಿಸ್ಸಿಂಗ್ ಹೊಡೆಯುತ್ತಿದೆ, ಹಸಿ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗುತ್ತಿದೆ, ಕಾರು ನಿಲ್ಲಿಸು ಅಂತ ಅರ್ಥ.

ಆಗಸ್ಟ್‌ನ ಒಂದು ರಾತ್ರಿ ಮನೆಗೆ ಬಂದಾಗ ಕರೆಂಟ್ ಇರಲಿಲ್ಲ. ಗೇಟ್ ಹಾಕಿ ತಿರುಗಿದಾಗ ಕಾರಿನ ಕೆಳಗೆ, ಸೀಟಿನ ನೇರಕ್ಕೆ, ನೆಲದ ಮೇಲೆ ಕೆಂಪು ಬೆಳಕು ಬಿದ್ದಿತ್ತು. ಬಗ್ಗಿ ನೋಡಿದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಮ್ಮಾರನ ಕುಲುಮೆಯ ಕಬ್ಬಿಣದ ಹಾಗೆ ಕೆಂಪಗಿತ್ತು. ಚಾಸಿಯಿಂದ ಮಳೆನೀರು ಅದರ ಮೇಲೆ ತೊಟ್ಟಿಕ್ಕಿ ಚುಂಯ್ ಚುಂಯ್ ಅನ್ನುತ್ತಿತ್ತು. ಅಮ್ಮ ಜಗಲಿಯಿಂದ, "ಎಂತ ಮಾರಾಯ ಅದು, ಬೆಂಕಿಯಾ?" ಅಂತ ಕೂಗಿದರು.

ಮರುದಿನ ಮೆಕ್ಯಾನಿಕ್ ಕೂಳೂರಿನಿಂದ ಮನೆಗೇ ಬಂದರು. ಮುಂದಿನ ರೋಟರ್‌ನ ಕೆಳಗಿನ ಪ್ಲಗ್ ಬಿಚ್ಚಿ ನನ್ನ ಕೈಯಲ್ಲಿ ಇಟ್ಟರು. ಕಪ್ಪಗೆ, ಒದ್ದೆ, ಪೆಟ್ರೋಲ್ ವಾಸನೆ. ಸ್ಪಾರ್ಕ್ ಹಾರಿಸಿ ತೋರಿಸಿದರು. ನೀಲಿ ಇರಬೇಕಾದದ್ದು ಹಳದಿ, ಅದೂ ಬಿಟ್ಟು ಬಿಟ್ಟು. "ಅಣ್ಣ, ಕಾಯಿಲ್ ಹೋಗಿ ತುಂಬಾ ದಿನ ಆಗಿದೆ. ನಿಮಗೆ ಮೈಲೇಜಲ್ಲಿ ಗೊತ್ತಾಗಲಿಲ್ವಾ?" ಅಂದರು. ಡೈರಿ ಒಳಗೆ ಮೇಜಿನ ಮೇಲೆಯೇ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಒಂದೊಂದು ರೋಟರ್‌ಗೆ ಎರಡು ಪ್ಲಗ್, ಒಟ್ಟು ನಾಲ್ಕು ಪ್ಲಗ್, ನಾಲ್ಕು ಕಾಯಿಲ್. ಪ್ಲಗ್‌ಗೆ ಕಿಡಿ ಹಾರಿಸುವಷ್ಟು ಕರೆಂಟ್ ಕೊಡುವುದು ಈ ಕಾಯಿಲ್. ಮುಖ್ಯ ಕೆಲಸ ಕೆಳಗಿನ ಲೀಡಿಂಗ್ ಪ್ಲಗ್‌ನದ್ದು, ಉಳಿದದ್ದನ್ನು ಮೇಲಿನ ಟ್ರೇಲಿಂಗ್ ಉರಿಸುತ್ತದೆ. ಲೀಡಿಂಗ್ ಕಾಯಿಲ್ ನಿತ್ರಾಣವಾದರೂ ಟ್ರೇಲಿಂಗ್ ಅರೆಬರೆ ಉರಿಸಿಕೊಂಡು ಹೋಗುತ್ತದೆ. ಕಾರು ನಿಲ್ಲುವುದಿಲ್ಲ. ಐಡಲ್‌ನಲ್ಲಿ ಸ್ವಲ್ಪ ನಡುಗುತ್ತದೆ, ಪಿಕಪ್ ಸ್ವಲ್ಪ ಕಡಿಮೆ. ದಿನಾ ಓಡಿಸುವವನಿಗೆ ಅದು ಅಭ್ಯಾಸವಾಗಿಬಿಡುತ್ತದೆ. ಉರಿಯದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡು ಕರಗಿ ಕಟ್ಟಿಕೊಳ್ಳುತ್ತದೆ. ಹೊಗೆಗೆ ಹೊರಗೆ ಹೋಗಲು ದಾರಿ ಇಲ್ಲ, ಬಿಸಿಯೆಲ್ಲ ಎಂಜಿನ್‌ಗೇ ವಾಪಸ್. ರೋಟರ್‌ನ ಅಂಚಿನಲ್ಲಿ ಸೋರದಂತೆ ತಡೆಯುವ ಸೀಲ್‌ಗಳು ಹೋಗುತ್ತವೆ, ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಇಳಿಯುತ್ತದೆ. ಈ ಕಾರಿನ ಕಾಯಿಲ್‌ಗಳು 50 ಸಾವಿರ ಕಿಲೋಮೀಟರ್ ಹೊತ್ತಿಗೆ ಸೋಲುವುದು ಇದನ್ನು ಓಡಿಸುವವರಿಗೆಲ್ಲ ಗೊತ್ತಿರುವ ವಿಷಯ. ನನ್ನದು ಆಗ 61 ಸಾವಿರ ಓಡಿತ್ತು, ಅದರಲ್ಲಿ ಇದ್ದದ್ದು ಹಳೇ ಕಾಯಿಲ್‌ಗಳೇ.

ನಾಲ್ಕು ಕಾಯಿಲ್ ಹೊರದೇಶದಿಂದ ತರಿಸಿದ್ದರೆ ಆಗ 22 ಸಾವಿರದಲ್ಲಿ ಮುಗಿಯುತ್ತಿತ್ತು. ಎಂಜಿನ್ ಇಳಿಸಿ, ಲಾರಿಯಲ್ಲಿ ಬೆಂಗಳೂರಿಗೆ ಕಳಿಸಿ, ಸೀಲ್ ತರಿಸಿ, ಬಿಚ್ಚಿ ಕಟ್ಟಿಸಿದ್ದಕ್ಕೆ 4 ಲಕ್ಷ 60 ಸಾವಿರ ಆಯಿತು. ಕಾರು ಹನ್ನೊಂದು ತಿಂಗಳು ಶೆಡ್‌ನಲ್ಲಿ ಬಾನೆಟ್ ತೆರೆದುಕೊಂಡು ನಿಂತಿತ್ತು. ತಂಗಿಯ ಮದುವೆಗೆ ಅಂತ ಇಟ್ಟ ದುಡ್ಡಿನಿಂದ ಸ್ವಲ್ಪ ಮುಟ್ಟಬೇಕಾಯಿತು. ಅದು ನನಗೆ ಇವತ್ತಿಗೂ ನೋವು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತ ಹೇಳುತ್ತೇನೆ, ಬೇಜಾರು ಮಾಡಬೇಡಿ. ಮೈಲೇಜ್ ಜಾಸ್ತಿ ಮಾಡುವುದು ಹೇಗೆ ಅಂತ ಈ ಕಾರಿನ ಹತ್ತಿರ ಕೇಳಬಾರದು. ಎಷ್ಟು ಇಳಿಯಿತು ಅಂತ ನೋಡುತ್ತಾ ಇರಬೇಕು. ಪ್ರತಿ ಸಲ ಫುಲ್ ಟ್ಯಾಂಕ್ ಮಾಡಿ, ಬರೆದಿಡಿ. ಸತತ ಎರಡು ಸಲ ಅರ್ಧ ಕಿಲೋಮೀಟರ್ ಇಳಿದರೆ ಟ್ರಾಫಿಕ್, ಮಳೆ, ಬಂಕ್ ಯಾವುದನ್ನೂ ಯೋಚಿಸಬೇಡಿ. ಆ ವಾರವೇ ಕಾಯಿಲ್, ಪ್ಲಗ್ ನೋಡಿಸಿ.

ಎಂಜಿನ್ ಬಿಸಿಯಾಗುವ ಮೊದಲು ಆಕ್ಸಿಲರೇಟರ್ ಜೋರಾಗಿ ಒತ್ತಬೇಡಿ. ಬಿಸಿಯಾದ ಮೇಲೆ ದಿನಕ್ಕೊಮ್ಮೆ ಆರ್‌ಪಿಎಂ ಪೂರ್ತಿ ಮೇಲಕ್ಕೆ ಎಳೆಯಿರಿ, ಅದಕ್ಕೆ ಹೋಗುವ ಪೆಟ್ರೋಲ್ ದಂಡ ಅಲ್ಲ. ಶೆಡ್‌ನಿಂದ ಹತ್ತು ಅಡಿ ಹೊರಗೆ ತಂದು ಆಫ್ ಮಾಡುವ ಕೆಲಸ ಮಾತ್ರ ಮಾಡಬೇಡಿ. ತಣ್ಣಗಿರುವಾಗ ಹಾಗೆ ಮಾಡಿದರೆ ಒಳಗೆಲ್ಲ ಪೆಟ್ರೋಲ್ ತುಂಬಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ.

ನಿಮ್ಮ ಓಡಾಟ ಹೈವೇಯದ್ದು, ಎಂಜಿನ್‌ಗೆ ಅದು ನನ್ನ ಪೇಟೆ ಓಡಾಟಕ್ಕಿಂತ ಎಷ್ಟೋ ಒಳ್ಳೆಯದು. ಆದರೆ ಹೋಗಿ ಬರಲು ಸುಮಾರು 115 ಕಿಲೋಮೀಟರ್ ಅಂದರೂ ದಿನಕ್ಕೆ 13–14 ಲೀಟರ್ ಬೇಕು. ತಿಂಗಳಿಗೆ 25 ದಿನ ಅಂದರೆ ಹತ್ತಿರ ಹತ್ತಿರ 340 ಲೀಟರ್. ಎಂಜಿನ್ ಆಯಿಲ್‌ನ್ನೂ ಇದು ಬೇಕಂತಲೇ ಸ್ವಲ್ಪ ಸ್ವಲ್ಪ ಸುಡುತ್ತದೆ, ಸೀಲ್‌ಗೆ ಜಾರಿಕೆ ಬೇಕಲ್ಲ. 1500–2000 ಕಿಲೋಮೀಟರ್‌ಗೆ ಒಂದು ಲೀಟರ್ ಹಿಡಿಯಿರಿ. ಈ ಲೆಕ್ಕ ಕೇಳಿ ಎದೆ ಧಸಕ್ ಅಂದರೆ ದಿನದ ಓಡಾಟಕ್ಕೆ ಬೇರೆ ಕಾರು ಇಟ್ಟುಕೊಳ್ಳಿ.

ನೋಡಲು ಹೋಗುವಾಗ ಕಾಯಿಲ್ ಯಾವಾಗ ಬದಲಿಸಿದ್ದು ಅಂತ ಬಿಲ್ ಕೇಳಿ. ರೋಟರಿ ಎಂಜಿನ್‌ಗೇ ಅಂತ ಇರುವ ಮೀಟರ್‌ನಲ್ಲಿ ಕಂಪ್ರೆಷನ್ ತೆಗೆಸಿ, ಮಾಮೂಲಿ ಮೀಟರ್ ರೋಟರ್‌ನ ಮೂರು ಮುಖವನ್ನು ಬೇರೆ ಬೇರೆ ತೋರಿಸುವುದಿಲ್ಲ. ಅದು ಸಿಗದಿದ್ದರೆ ಮಲ್ಪೆಯವರೆಗೆ ಹೋಗಿ ಬಂದು, ಬಿಸಿ ಇರುವಾಗಲೇ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿ. ತಟ್ಟನೆ ಹಿಡಿಯದೆ ಕಿರಕಿರ ಅಂತ ಎಳೆದರೆ ಮಾತು ಮುಂದುವರಿಸದೆ ಎದ್ದು ಬನ್ನಿ.