ದೊಡ್ಡ ಎಂಜಿನ್ ಕೂರಿಸಬೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನಲ್ಲಿ ಸುಮಾರು 20 ವರ್ಷ ಹಳೆಯದಾದ, ನಾಲ್ಕು ಚಕ್ರಗಳಿಗೂ ಚಾಲನೆಯಿರುವ ಎಸ್‌ಯುವಿ ಇದೆ. ಎಂಜಿನ್ ನಾಲ್ಕು ಸಿಲಿಂಡರಿನದು, 2.5 ಲೀಟರಿನ ಪೆಟ್ರೋಲ್. ಹೊಸದಿದ್ದಾಗ ಅದರ ಶಕ್ತಿ 118 ಅಶ್ವಶಕ್ತಿ, ಟಾರ್ಕ್ (ತಿರುಗಿಸುವ ಬಲ) 190 ನ್ಯೂಟನ್ ಮೀಟರ್ ಎಂದು ಕೈಪಿಡಿಯಲ್ಲಿದೆ. ಇದುವರೆಗೆ 1,90,000 ಕಿಲೋಮೀಟರ್ ಓಡಿದೆ. ಚಾಸಿಗೆ ತುಕ್ಕು ಹಿಡಿದಿಲ್ಲ, ಬಾಡಿ ಗಟ್ಟಿಯಾಗಿದೆ. ಆದರೆ ಐದು ಜನ ಮತ್ತು ಸಾಮಾನು ತುಂಬಿ ಏರು ಹತ್ತುವಾಗ ಗಾಡಿ ಎಳೆಯುವುದೇ ಇಲ್ಲ. ಮೂರನೆಯ ಗೇರಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದದ್ದು ನೋಡುತ್ತಿದ್ದಂತೆ 40ಕ್ಕೆ ಇಳಿದು, ಎರಡನೆಯ ಗೇರಿಗೆ ಬರಬೇಕಾಗುತ್ತದೆ. ಇದೇ ಮಾದರಿಯನ್ನು ತಯಾರಕರು 4 ಲೀಟರಿನ ಆರು ಸಿಲಿಂಡರ್ ಎಂಜಿನ್ನಿನಲ್ಲೂ ಮಾರುತ್ತಿದ್ದರು. ಬಿಚ್ಚಿ ಮಾರಿದ ಗಾಡಿಯೊಂದರ ಅಂಥ ಎಂಜಿನ್ ತನ್ನ ಬಳಿ ಇದೆಯೆಂದೂ ಒಂದು ತಿಂಗಳಲ್ಲಿ ಕೂರಿಸಿಕೊಡುವುದಾಗಿಯೂ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಹಿಂದಿನ ಮಾಲೀಕರು 28 ಅಂಗುಲದ ಟೈರುಗಳನ್ನು ತೆಗೆದು 31 ಅಂಗುಲದವನ್ನು ಹಾಕಿಸಿದ್ದು, ಮೇಲ್ಗಡೆ ಕ್ಯಾರಿಯರ್ ಕೂಡ ಇದೆ. ಎಂಜಿನ್ ಬದಲಿಸುವುದು ಸರಿಯೇ?

ಉತ್ತರ: ಈಗಲೇ ಬೇಡ. ನಿಮ್ಮ ಪತ್ರದಲ್ಲಿ ಕೊನೆಗೆ ಬಂದಿರುವ ಟೈರಿನ ಮಾತೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಏಕೆಂದು ಲೆಕ್ಕ ಹಾಕಿಯೇ ನೋಡೋಣ.

ಜನ, ಸಾಮಾನು ಸೇರಿ ನಿಮ್ಮ ಗಾಡಿಯ ತೂಕ 2,200 ಕಿಲೋಗ್ರಾಂ ಎಂದೂ, ದಾರಿ ನೂರು ಮೀಟರಿಗೆ ಎಂಟು ಮೀಟರ್ ಏರುತ್ತದೆಂದೂ ಇಟ್ಟುಕೊಳ್ಳಿ. ಅಂಥ ಏರನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹತ್ತಲು, ಟೈರಿನ ಎಳೆತ ಮತ್ತು ಗಾಳಿಯ ತಡೆಯನ್ನೂ ಸೇರಿಸಿದರೆ, ಚಕ್ರಗಳ ಬಳಿ ಹೆಚ್ಚುಕಡಿಮೆ 50 ಅಶ್ವಶಕ್ತಿ ಬೇಕು. ಗೇರ್‌ಬಾಕ್ಸ್ ಮತ್ತು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗಳಲ್ಲಿ ಸೋರಿಹೋಗುವುದನ್ನು ಕೂಡಿಸಿದರೆ ಎಂಜಿನ್ 60ರಷ್ಟು ಕೊಡಬೇಕು. 118 ಅಶ್ವಶಕ್ತಿಯ ಎಂಜಿನ್ನಿಗೆ ಇದೇನು ಮಹಾ ಎಂದು ಅನ್ನಿಸಬಹುದು. ಆದರೆ ಆ 118 ದೊರೆಯುವುದು 5,000ಕ್ಕೂ ಮೇಲಿನ ಸುತ್ತುಗಳಲ್ಲಿ ಮಾತ್ರ. ಶಕ್ತಿಯೆಂದರೆ ಟಾರ್ಕ್ ಮತ್ತು ಸುತ್ತುಗಳ ಗುಣಲಬ್ಧವಾದ್ದರಿಂದ ಇದೇ ಎಂಜಿನ್ ನಿಮಿಷಕ್ಕೆ 2,000 ಸುತ್ತಿನಲ್ಲಿ 50 ಅಶ್ವಶಕ್ತಿ, 2,500 ಸುತ್ತಿನಲ್ಲಿ 65ರಷ್ಟು, 3,500 ಸುತ್ತಿನಲ್ಲಿ 90ಕ್ಕೂ ಹೆಚ್ಚು ಕೊಡುತ್ತದೆ. ಹಾಗಾಗಿ ಏರಿನಲ್ಲಿ ನಿರ್ಣಾಯಕವಾಗುವುದು ಆ ವೇಗದಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂಬುದೇ.

ಇಲ್ಲಿಗೆ ಟೈರು ಬರುತ್ತದೆ. 28ರ ಜಾಗದಲ್ಲಿ 31 ಅಂಗುಲ ಬಂದಾಗ ಚಕ್ರದ ಒಂದು ಸುತ್ತಿಗೆ ಗಾಡಿ ಶೇಕಡ 10ಕ್ಕಿಂತ ತುಸು ಹೆಚ್ಚು ದೂರ ಹೋಗುತ್ತದೆ, ಅಂದರೆ ಎಂಜಿನ್ ಅಷ್ಟೇ ಕಡಿಮೆ ತಿರುಗುತ್ತದೆ. ನಾಲ್ಕು ಸಿಲಿಂಡರಿನ ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿರುವ 4.10ರ ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ 4.10 ಸುತ್ತು ತಿರುಗುವುದು) ನಿಮ್ಮದರಲ್ಲೂ ಇದ್ದರೆ, ದೊಡ್ಡ ಟೈರಿನಿಂದ ಅದು 3.70ರಂತೆ ವರ್ತಿಸುತ್ತಿದೆ. ಮೂರನೆಯ ಗೇರಿನಲ್ಲಿ 60ರ ವೇಗಕ್ಕೆ ಮೊದಲು 2,700ರಷ್ಟು ತಿರುಗುತ್ತಿದ್ದ ಎಂಜಿನ್ ಈಗ 2,450ರ ಆಸುಪಾಸಿನಲ್ಲಿದೆ. ಅಲ್ಲಿ ಅದು ಹೊಸದಾಗಿದ್ದರೂ ಕೊಡುವುದು 64 ಅಶ್ವಶಕ್ತಿ, ಬೇಕಾಗಿರುವುದು 60. ಇದರ ಮೇಲೆ ಕ್ಯಾರಿಯರ್ ತಡೆಯುವ ಗಾಳಿಯಿದೆ, ದೊಡ್ಡ ಟೈರಿನ ತೂಕವಿದೆ, 1,90,000 ಕಿಲೋಮೀಟರಿನ ಸವೆತವಿದೆ. ಟರ್ಬೊ ಇಲ್ಲದ ಎಂಜಿನ್ ಸಮುದ್ರಮಟ್ಟದಿಂದ ಪ್ರತಿ 1,000 ಮೀಟರ್ ಮೇಲೇರಿದಂತೆ ಸುಮಾರು ಶೇಕಡ 10ರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆಂಬುದನ್ನೂ ಸೇರಿಸಿಕೊಳ್ಳಿ. ಗಾಡಿ 60ರಿಂದ 40ಕ್ಕೆ ಕುಸಿಯುವುದರಲ್ಲಿ ಆಶ್ಚರ್ಯವೇನೂ ಇಲ್ಲ. ನಿಮ್ಮ ಸ್ಪೀಡೋಮೀಟರನ್ನು ಸರಿಪಡಿಸಿರದಿದ್ದರೆ, ಅದು 60 ತೋರಿಸುವಾಗ ನೀವು ನಿಜವಾಗಿ 66ರಲ್ಲಿರುತ್ತೀರಿ ಎಂಬುದನ್ನೂ ಗಮನಿಸಿ.

ಆದ್ದರಿಂದ ಮೊದಲ ಕೆಲಸ, ಇರುವ ಎಂಜಿನ್ನಿನ ಆರೋಗ್ಯವನ್ನು ತಿಳಿಯುವುದು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಎಂಜಿನ್ ಬಿಸಿಯಿರುವಾಗಲೇ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ (ಪಿಸ್ಟನ್ ಒಳಗಿನ ಗಾಳಿಯನ್ನು ಒತ್ತಿದಾಗ ಏಳುವ ಒತ್ತಡ) ಅಳೆಯಿಸಿ. ಮೂರರಲ್ಲಿ ಮುಳ್ಳು 11 ಬಾರ್ ತೋರಿಸಿ ಒಂದರಲ್ಲಿ 8ಕ್ಕೇ ನಿಂತರೆ, ಆ ಸಿಲಿಂಡರಿಗೆ ಒಂದು ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಮುಳ್ಳು ಮೇಲಕ್ಕೆದ್ದರೆ ರಿಂಗುಗಳು ಸವೆದಿವೆ, ಏಳದಿದ್ದರೆ ವಾಲ್ವುಗಳೋ ಹೆಡ್ ಗ್ಯಾಸ್ಕೆಟ್ಟೋ ಸೋರುತ್ತಿದೆ ಎಂದರ್ಥ. ಬಳಿಕ ಒಬ್ಬರನ್ನು ಚಾಲಕನ ಆಸನದಲ್ಲಿ ಕೂರಿಸಿ, ಎಂಜಿನ್ ನಿಲ್ಲಿಸಿರುವಾಗ ಆಕ್ಸಿಲರೇಟರನ್ನು ನೆಲಕ್ಕೆ ತುಳಿಯಲು ಹೇಳಿ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ತಟ್ಟೆ ಪೂರ್ತಿ ತೆರೆಯುತ್ತದೆಯೇ ಎಂದು ನೀವೇ ನೋಡಿ. ಕೇಬಲ್ ಸಡಿಲಗೊಂಡೋ ಕಾಲಡಿಯ ಮ್ಯಾಟ್ ಮಡಚಿಕೊಂಡೋ ತಟ್ಟೆ ಮುಕ್ಕಾಲು ಭಾಗ ಮಾತ್ರ ತೆರೆಯುತ್ತಿರುವ ಗಾಡಿಗಳು ಕೈಗೆ ಸಿಕ್ಕಿವೆ. ಅವುಗಳ ಮಾಲೀಕರೂ ಎಂಜಿನ್ ಬದಲಿಸುವ ಯೋಚನೆಯಲ್ಲೇ ಇದ್ದರು. ಸೈಲೆನ್ಸರಿನ ದಾರಿಯಲ್ಲಿದ್ದು ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಒಳಗೆ ಕರಗಿ ಮುಚ್ಚಿಕೊಂಡರೂ ಇದೇ ಲಕ್ಷಣ: ಕೆಳಗಿನ ಸುತ್ತುಗಳಲ್ಲಿ ಚೆನ್ನಾಗಿದ್ದು, ಮೇಲೇರಿದಂತೆ ಉಸಿರುಗಟ್ಟಿದ ಹಾಗಾಗುತ್ತದೆ. ಏರಿನಲ್ಲಿ ಸುತ್ತು ಹೆಚ್ಚುತ್ತಿದ್ದರೂ ವೇಗ ಹೆಚ್ಚದಿದ್ದರೆ ಕ್ಲಚ್ ಜಾರುತ್ತಿದೆ. ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ ಕೈಹಿಡಿದು ನೋಡಿ. ಒಂದು ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡೇ ಇದೆ.

ಇವೆಲ್ಲ ಸರಿಯಿದ್ದರೆ ಎರಡು ದಾರಿಗಳಿವೆ. ಹಳೆಯ ಅಳತೆಯ ಟೈರಿಗೆ ಮರಳುವುದು ಸುಲಭದ್ದು. 31 ಅಂಗುಲವೇ ಬೇಕೆಂದಿದ್ದರೆ ಆಕ್ಸಲ್‌ಗಳ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳನ್ನು ಬದಲಿಸಿ 4.56ರ ಅನುಪಾತ ಹಾಕಿಸಿದರೆ ಗಾಡಿ ಕಾರ್ಖಾನೆಯಿಂದ ಬಂದಾಗಿನ ಎಳೆತಕ್ಕೆ ಮರಳುತ್ತದೆ. ಆ ಮಾದರಿಗೆ 4.88 ಸಿಗುವುದಾದರೆ ಅದಕ್ಕಿಂತಲೂ ಚುರುಕಾಗುತ್ತದೆ, ಹೆದ್ದಾರಿಯಲ್ಲಿ ಎಂಜಿನ್ ಸ್ವಲ್ಪ ಹೆಚ್ಚು ಕೂಗುತ್ತದೆ ಅಷ್ಟೆ. ಹಿಂದಿನ ಆಕ್ಸಲಿಗೆ ಹಾಕಿದ ಅನುಪಾತವನ್ನೇ ಮುಂದಿನದಕ್ಕೂ ಹಾಕಲೇಬೇಕು. ಒಂದನ್ನು ಉಳಿಸಿಕೊಂಡು ಹಣ ಮಿಗಿಸಿದರೆ, ನಾಲ್ಕು ಚಕ್ರಗಳ ಚಾಲನೆಗೆ ಹಾಕಿದ ದಿನ ಎರಡೂ ಆಕ್ಸಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ.

ಇನ್ನು ನೀವು ಕೇಳಿದ ಮೂಲ ವಿಷಯ. ದೊಡ್ಡ ಎಂಜಿನ್ ಕೂರಿಸುವುದು ಮೂರ್ಖತನವೆಂದು ನಾನು ಹೇಳುವುದಿಲ್ಲ. ಚೆನ್ನಾಗಿ ಮಾಡಿದ ಅಂಥ ಗಾಡಿಯನ್ನು ಓಡಿಸುವ ಸುಖ ನನಗೆ ಗೊತ್ತು. ಆದರೆ ಎಂಜಿನ್ ಒಂಟಿಯಾಗಿ ಬರುವುದಿಲ್ಲ. 1997ರಿಂದ 2002ರವರೆಗಿನ ಜೀಪ್ ರ‍್ಯಾಂಗ್ಲರನ್ನು ನೋಡಿ. ಅದರಲ್ಲಿ 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನೂ 4 ಲೀಟರಿನ ಆರು ಸಿಲಿಂಡರ್ ಎಂಜಿನ್ನೂ ಒಂದೇ ಬಾನೆಟ್ಟಿನ ಕೆಳಗೆ ಬಂದಿದ್ದವು. ನೋಡಿದವರಿಗೆ ಒಂದನ್ನು ಎತ್ತಿ ಇನ್ನೊಂದನ್ನು ಇಳಿಸಿದರಾಯಿತು ಎನ್ನಿಸುತ್ತದೆ. ವಾಸ್ತವದಲ್ಲಿ ನಾಲ್ಕು ಸಿಲಿಂಡರಿನದಕ್ಕೆ ಹಗುರವಾದ ಗೇರ್‌ಬಾಕ್ಸ್, ಆರು ಸಿಲಿಂಡರಿನದಕ್ಕೆ ಅದಕ್ಕಿಂತ ಗಟ್ಟಿಯಾದದ್ದು ಇತ್ತು. ಎಂಜಿನ್ ಕಂಪ್ಯೂಟರ್ ಬೇರೆ, ವೈರಿಂಗ್ ಬೇರೆ. ಮ್ಯಾನುಯಲ್ ಗೇರಿನವುಗಳಲ್ಲಿ ಸಾಮಾನ್ಯವಾಗಿ ಚಿಕ್ಕದಕ್ಕೆ 4.10, ದೊಡ್ಡದಕ್ಕೆ 3.07 ಆಕ್ಸಲ್ ಅನುಪಾತ. ತಯಾರಕರೇ ಒಂದೇ ಗಾಡಿಗೆ ಇಷ್ಟೆಲ್ಲ ಬದಲಿಸಿದ್ದರೆಂದ ಮೇಲೆ ನಾವು ಬರಿಯ ಎಂಜಿನ್ ಬದಲಿಸಿ ಸುಮ್ಮನಿರುವುದು ಹೇಗೆ?

ಕೆಳಗಿನ ಭಾಗಗಳ ಮೇಲೆ ಬೀಳುವ ಹೊರೆಯನ್ನೂ ಅಂದಾಜು ಮಾಡಿ. ಮೊದಲ ಗೇರು 4, ಲೋ ರೇಂಜ್ (ಕಠಿಣ ದಾರಿಗೆಂದು ಇರುವ ನಿಧಾನದ ಗೇರು) 2.5, ಆಕ್ಸಲ್ 4 ಎಂದಿಟ್ಟುಕೊಂಡರೆ ಎಂಜಿನ್ನಿನ ಟಾರ್ಕ್ ಚಕ್ರ ಮುಟ್ಟುವಷ್ಟರಲ್ಲಿ 40 ಪಟ್ಟಾಗಿರುತ್ತದೆ. 190 ನ್ಯೂಟನ್ ಮೀಟರ್ ಅಲ್ಲಿ 7,600 ಆಗುತ್ತದೆ, ದೊಡ್ಡ ಎಂಜಿನ್ನಿನದು 300 ಆದರೆ 12,000. ಕಲ್ಲಿಗೆ ಚಕ್ರ ಸಿಕ್ಕಿಕೊಂಡ ಗಳಿಗೆಯಲ್ಲಿ ಆ ಹೆಚ್ಚುವರಿ ಬಲ ಕ್ಲಚ್ಚನ್ನೋ ಯೂನಿವರ್ಸಲ್ ಜಾಯಿಂಟನ್ನೋ ಆಕ್ಸಲ್ ಶಾಫ್ಟನ್ನೋ ಹುಡುಕಿಕೊಂಡು ಹೋಗುತ್ತದೆ. ಇದಲ್ಲದೆ ರೇಡಿಯೇಟರ್ ದೊಡ್ಡದಾಗಬೇಕು, ಮುಂಭಾಗದ ತೂಕ ಹೆಚ್ಚುವುದರಿಂದ ಸ್ಪ್ರಿಂಗುಗಳು ಬದಲಾಗಬೇಕು, ವೇಗಕ್ಕೆ ತಕ್ಕ ಬ್ರೇಕು ಬೇಕು. ಬ್ರೇಕಿನ ಖರ್ಚನ್ನು ಕೊನೆಗೆ ನೋಡೋಣ ಎನ್ನುವವರಿಗೆ ನನ್ನ ಪ್ರಾರ್ಥನೆ: ದಯವಿಟ್ಟು ಅದನ್ನು ಮೊದಲು ನೋಡಿ. ಗಾಡಿಯಲ್ಲಿ ಕೂರುವವರು ನಿಮ್ಮ ಮನೆಯವರು.

ಕಾಗದಪತ್ರಗಳ ವಿಷಯ ಚಿಕ್ಕದಾದರೂ ಮರೆಯುವಂಥದ್ದಲ್ಲ. ಎಂಜಿನ್ ಬದಲಾದರೆ ನೋಂದಣಿ ಅಧಿಕಾರಿಗೂ ವಿಮಾ ಸಂಸ್ಥೆಗೂ ಮೊದಲೇ ಬರೆದು ಒಪ್ಪಿಗೆ ಪಡೆಯಿರಿ. ಹೊಗೆಯ ನಿಯಮಗಳಿಗೆ ಹೊಸ ಎಂಜಿನ್ ಹೊಂದುತ್ತದೆಯೇ ಎಂಬುದನ್ನು ಹಣ ಕೊಡುವ ಮುನ್ನ ಕೇಳಿ. ತಿಳಿಸದೆ ಬದಲಿಸಿದ ಗಾಡಿಗೆ ಅಪಘಾತವಾದರೆ ಪರಿಹಾರವೇ ಸಿಗದೆ ಹೋಗಬಹುದು.

ನನ್ನ ಸಲಹೆ ಇದು. ಪರೀಕ್ಷೆಗಳನ್ನು ಮಾಡಿಸಿ, ಕ್ಯಾರಿಯರ್ ಇಳಿಸಿ, ಟೈರು ಅಥವಾ ಅನುಪಾತವನ್ನು ಸರಿಪಡಿಸಿ ಅದೇ ಏರನ್ನು ಅದೇ ಹೊರೆಯೊಂದಿಗೆ ಮತ್ತೊಮ್ಮೆ ಹತ್ತಿಸಿ. ಆಗಲೂ ತೃಪ್ತಿಯಾಗದಿದ್ದರೆ ಈ ಗಾಡಿಯನ್ನು ಮಾರಿ, ಆರು ಸಿಲಿಂಡರಿನದೇ ಆದ ಒಂದನ್ನು ಕೊಳ್ಳಿ. ಎಂಜಿನ್ ಬದಲಿಸಲು ಸುರಿದ ಹಣ ಗಾಡಿ ಮಾರುವಾಗ ಮರಳಿ ಬರುವುದು ಅಪರೂಪ. ಇಷ್ಟಾಗಿಯೂ ನಿಮ್ಮ ತುಕ್ಕಿಲ್ಲದ ಚಾಸಿಯನ್ನು ಬಿಟ್ಟುಕೊಡಲು ಮನಸ್ಸಾಗದಿದ್ದರೆ, ಬಿಡಿ ಎಂಜಿನ್ ಕೊಳ್ಳದೆ ಆರು ಸಿಲಿಂಡರಿನ ಇಡೀ ಗಾಡಿಯೊಂದನ್ನು ಕೊಳ್ಳಿ, ಗುದ್ದಿದ್ದಾದರೂ ಸರಿ. ಗೇರ್‌ಬಾಕ್ಸ್, ಕಂಪ್ಯೂಟರ್, ವೈರಿಂಗ್, ರೇಡಿಯೇಟರ್, ಮೌಂಟಿಂಗ್, ಕೊನೆಗೆ ಒಂದು ಚಿಕ್ಕ ಬ್ರಾಕೆಟ್ ಕೂಡ ಅದರಲ್ಲೇ ಇರುತ್ತದೆ. ಮೆಕ್ಯಾನಿಕ್ ಹೇಳಿದ ಒಂದು ತಿಂಗಳು ಇಂಥ ಸಂದರ್ಭದಲ್ಲಿ ಮಾತ್ರ ನಂಬಬಹುದಾದ ಮಾತು.

ಪ್ರಶ್ನೆ: ಎಂಜಿನ್ ಬದಲಿಸುವ ಬದಲು ಇರುವ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಜೋಡಿಸಿದರೆ ಸಾಲದೆ?

ಉತ್ತರ: ಟರ್ಬೊ ಇಲ್ಲದೆ ಬಂದ ಪೆಟ್ರೋಲ್ ಎಂಜಿನ್ನಿನ ಕಂಪ್ರೆಷನ್ ಅನುಪಾತ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಅದರ ಮೇಲೆ ಒತ್ತಿದ ಗಾಳಿಯನ್ನೂ ತುಂಬಿದರೆ ಇಂಧನ ತಪ್ಪಾದ ಗಳಿಗೆಯಲ್ಲಿ ಸಿಡಿದು ಪಿಸ್ಟನ್ನುಗಳು ಒಡೆಯುತ್ತವೆ. ಒತ್ತಡವನ್ನು ಬಹಳ ಕಡಿಮೆಯಿಟ್ಟು, ಇಂಜೆಕ್ಟರ್ ಮತ್ತು ಇಗ್ನಿಷನ್ ಹೊಂದಾಣಿಕೆಯನ್ನು ಬಲ್ಲವರಿಂದ ಮಾಡಿಸಿದರೆ ಬಾಳಿಕೆ ಬಂದೀತು. 1,90,000 ಕಿಲೋಮೀಟರ್ ಓಡಿದ ಎಂಜಿನ್ನಿಗೆ ನಾನಂತೂ ಹಾಕಿಸುವುದಿಲ್ಲ. ಟರ್ಬೊ ಇರುವ ಡೀಸೆಲ್ ಗಾಡಿಯಲ್ಲಿ ಪಿಕ್‌ಅಪ್ ಇಲ್ಲವೆಂದಾದರೆ ಮೊದಲು ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ಪೈಪುಗಳನ್ನು ನೋಡಿ. ಪೈಪಿನ ಅಡಿಭಾಗದಲ್ಲಿ ಬೆರಳುಗುರಿನಷ್ಟು ಸೀಳಿ ಅದರ ಸುತ್ತ ಆಯಿಲ್ ಪಸೆ ಕಾಣುತ್ತಿದ್ದರೆ ಗಾಳಿ ಸೋರುತ್ತಿರುವುದು ಅಲ್ಲಿಯೇ.

ಪ್ರಶ್ನೆ: ನಾನು ದೊಡ್ಡ ಎಂಜಿನ್ ಕೊಂಡಾಗಿದೆ, ಹಿಂದೆ ಸರಿಯುವಂತಿಲ್ಲ. ಗಾಡಿಗೆ ಮುಂಭಾಗದಲ್ಲೂ ಗಟ್ಟಿ ಆಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ) ಇದೆ. ಕೂರಿಸುವ ಮೊದಲು ಏನೇನು ನೋಡಬೇಕು?

ಉತ್ತರ: ಎಂಜಿನ್ ನೆಲದ ಮೇಲಿರುವಾಗಲೇ ಸ್ಟಾರ್ಟರ್ ಮೋಟರ್ ಜೋಡಿಸಿ ತಿರುಗಿಸಿ ಕಂಪ್ರೆಷನ್ ಅಳೆಯಿಸಿ. ಹಿಂಬದಿಯ ಕ್ರ್ಯಾಂಕ್ ಸೀಲ್, ವಾಟರ್ ಪಂಪ್, ಟೈಮಿಂಗ್ ಬೆಲ್ಟ್ ಇದ್ದರೆ ಅದು, ಕ್ಲಚ್ ಪ್ಲೇಟ್ ಇವನ್ನೆಲ್ಲ ಈಗಲೇ ಹೊಸದಾಗಿಸಿ. ಒಳಗೆ ಕೂತ ಮೇಲೆ ಇದೇ ಕೆಲಸಕ್ಕೆ ಹತ್ತು ಪಟ್ಟು ಸಮಯ ಬೇಕು. ವೈರುಗಳನ್ನು ಕತ್ತರಿಸುವ ಮುನ್ನ ಪ್ರತಿಯೊಂದಕ್ಕೂ ಚೀಟಿ ಕಟ್ಟಿ.

ಬಹಳ ಜನ ಮರೆಯುವುದು ಆಯಿಲ್ ಸಂಪನ್ನು, ಅಂದರೆ ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿಯನ್ನು. ನನ್ನ ಪರಿಚಿತರೊಬ್ಬರು ತಿಂಗಳುಗಟ್ಟಲೆ ದುಡಿದು ಅಚ್ಚುಕಟ್ಟಾಗಿ ಎಂಜಿನ್ ಕೂರಿಸಿದ್ದರು. ನಿಂತಲ್ಲಿ ಸಂಪಿಗೂ ಕೆಳಗಿನ ಡಿಫರೆನ್ಷಿಯಲ್ ಉಬ್ಬಿಗೂ ನಡುವೆ ನಾಲ್ಕು ಬೆರಳು ಜಾಗವಿತ್ತು. ಮೊದಲ ದಿನವೇ ಒಂದು ಹಳ್ಳಕ್ಕೆ ಇಳಿದಾಗ ಆಕ್ಸಲ್ ಮೇಲೆದ್ದು ಸಂಪಿಗೆ ಬಡಿದು, ಆಯಿಲೆಲ್ಲ ರಸ್ತೆಯ ಪಾಲಾಯಿತು. ಗಾಡಿ ತನ್ನ ಚಕ್ರಗಳ ಮೇಲೆ ನಿಂತಿರುವಾಗಿನ ಅಂತರ ಲೆಕ್ಕಕ್ಕೆ ಬರುವುದಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಬೋಲ್ಟ್ ಹಾಕಿ ಜೋಡಿಸಿ ಒಳಗೆ ತಾತ್ಕಾಲಿಕವಾಗಿ ಇಳಿಸಿ. ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಮುಂದಿನ ಸ್ಪ್ರಿಂಗುಗಳನ್ನು ಬಿಚ್ಚಿಟ್ಟು, ಆಕ್ಸಲನ್ನು ಜಾಕಿಯಿಂದ ಬಂಪ್ ಸ್ಟಾಪ್ (ಆಕ್ಸಲ್ ಇನ್ನೂ ಮೇಲೇಳದಂತೆ ತಡೆಯುವ ರಬ್ಬರ್) ಮುಟ್ಟುವವರೆಗೆ ಎತ್ತಿ ನೋಡಿ. ಎರಡೂ ಬದಿ ಒಟ್ಟಿಗೆ ಎತ್ತಿದ ಮೇಲೆ ಒಂದೊಂದೇ ಬದಿಯನ್ನೂ ಎತ್ತಿ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಎಲ್ಲ ಸ್ಥಿತಿಗಳಲ್ಲೂ ಸಂಪಿನ ಕೆಳಗೆ ಕನಿಷ್ಠ ಎರಡು ಬೆರಳು ತೂರಿದರೆ ಮೌಂಟಿಂಗುಗಳನ್ನು ವೆಲ್ಡ್ ಮಾಡಿಸಿ. ತೂರದಿದ್ದರೆ ಸಂಪಿನ ಆಕಾರ ಬದಲಿಸಬೇಕೇ ಅಥವಾ ಎಂಜಿನ್ನನ್ನು ಹಿಂದಕ್ಕೆ ಸರಿಸಬೇಕೇ ಎಂದು ತೀರ್ಮಾನಿಸಲು ಆಗಲೂ ಅವಕಾಶವಿರುತ್ತದೆ, ಏಕೆಂದರೆ ಅಲ್ಲಿಯವರೆಗೆ ಏನನ್ನೂ ಕತ್ತರಿಸಿರುವುದಿಲ್ಲ.